ಏಳು ಹಿತ್ತಲ ಬಾಗಿಲು

ಸವಣೂರಿನ ಫರ್ಹತಳಿಗೆ ಪ್ಯಾರಿಸ್ಸಿನ ಓಣಿ ಓಣಿಯೂ ಗೊತ್ತಿತ್ತು. ನದಿಯ ಎಡದಂಡೆಗೆ ಏನಿದೆ, ಬಲದಂಡೆಗೆ ಏನಿದೆ, ಯಾವ ಸೇತುವೆ ದಾಟಿದರೆ ಯಾವ ಚೌಕ ಸಿಗುತ್ತದೆ, ಯಾವ ರಸ್ತೆ ಅಗಲ ಮಾಡುವಾಗ ಯಾವ ಕೇರಿಯ ಮನೆಗಳು ನೆಲಕ್ಕುರುಳಿದವು, ಎಲ್ಲವನ್ನೂ ರೊಟ್ಟಿ ಬಡಿಯುತ್ತಲೇ ಹೇಳುತ್ತಿದ್ದಳು. ಇಪ್ಪತ್ತು ವರ್ಷದ ಹುಡುಗಿ, ಬಿ.ಎ. ಕೊನೆಯ ವರ್ಷ. ಹುಬ್ಬಳ್ಳಿ ದಾಟಿ ಹೋದದ್ದು ಒಂದೇ ಸಲ, ಅದೂ ಬೆಳಗಾವಿಯ ಮದುವೆಯೊಂದಕ್ಕೆ.

ಈ ಹುಚ್ಚು ಹತ್ತಿದ್ದು ಎಂಟನೇ ಇಯತ್ತೆಯಲ್ಲಿ. ತಾಯಿ ಜನ್ನತಬಿಯ ತಮ್ಮ ಮಹಮ್ಮದಗೌಸ ಶಿಗ್ಗಾವಿಯಲ್ಲಿ ರದ್ದಿ ಅಂಗಡಿ ಇಟ್ಟಿದ್ದ. ಒಂದು ದಿನ ರಟ್ಟು ಹರಿದ, ತಟ್ಟೆಯಷ್ಟು ಅಗಲದ ಪುಸ್ತಕವೊಂದನ್ನು ತಂದು ಅಕ್ಕನ ಮಗಳ ತೊಡೆಯ ಮೇಲೆ ಹಾಕಿದ.

"ತಗೋಬೇ. ದಪ್ಪ ನುಣುಪು ಕಾಗದ, ಪೊಟ್ಣಾ ಕಟ್ಟಾಕ ಬರಂಗಿಲ್ಲ. ಒಲಿಗೆ ಹಾಕಿದ್ರ ಬರೇ ಹೊಗಿ. ಚಿತ್ರ ಅದಾವ, ನೋಡ್ಕೊಂತ ಕುಂದ್ರು."

ಪುಸ್ತಕದ ಭಾಷೆ ಫ್ರೆಂಚ್ ಎಂದು ಶಾಲೆಯ ಮೇಷ್ಟ್ರು ಹೇಳುವವರೆಗೆ ಗೊತ್ತಿರಲಿಲ್ಲ. ಆದರೆ ಚಿತ್ರಗಳಿಗೆ ಮೇಷ್ಟ್ರು ಬೇಕಿರಲಿಲ್ಲ. ಪ್ಯಾರಿಸ್ಸಿನ ಬೀದಿಗಳು, ಸೇತುವೆಗಳು, ನಡುನಡುವೆ ಫ್ರಾನ್ಸಿನ ಚಿತ್ರಕಾರರು ಬರೆದ ಚಿತ್ರಗಳು. ಅರಮನೆ, ರಾಣಿಯರನ್ನೇ ನಿರೀಕ್ಷಿಸಿದ್ದ ಹುಡುಗಿಗೆ ಅಲ್ಲಿ ಇಸ್ತ್ರಿ ಮಾಡುವ ಇಬ್ಬರು ಹೆಂಗಸರು ಕಂಡರು. ಒಬ್ಬಾಕೆ ಎರಡೂ ಕೈಯಿಂದ ಇಸ್ತ್ರಿಯ ಮೇಲೆ ಭಾರ ಹಾಕಿದ್ದಾಳೆ, ಇನ್ನೊಬ್ಬಾಕೆ ಕೈಯಲ್ಲಿ ಬಾಟಲಿ ಹಿಡಿದು ಬಾಯಿ ತುಂಬ ಆಕಳಿಸುತ್ತಿದ್ದಾಳೆ. ಜನ್ನತಬಿ ಆ ಆಕಳಿಕೆಯನ್ನು ಬಹಳ ಹೊತ್ತು ನೋಡಿದಳು.

"ಬಾಟ್ಲ್ಯಾಗ ಏನೈತೋ. ನೀರ ಇರಬೇಕು, ಪಾಪ. ಕುಡಿಯಾಕೂ ಪುರಸೊತ್ತಿಲ್ಲ ಆಕಿಗೆ."

ಆದರೆ ಜನ್ನತಬಿಗೆ ತೀರ ಮೆಚ್ಚಿಗೆಯಾದದ್ದು ಬೇರೊಂದು ಚಿತ್ರ. ಖಾಲಿ ಕೋಣೆ, ಕಿಟಕಿಯಿಂದ ಬೆಳಕು, ಅಂಗಿ ಬಿಚ್ಚಿದ ಮೂವರು ಗಂಡಸರು ಮೊಣಕಾಲೂರಿ ನೆಲದ ಮೇಲೆ ಬಾಗಿದ್ದಾರೆ.

"ಯಾ ಅಲ್ಲಾ! ಗಂಡಸ್ರು ನೆಲಾ ಒರಸಾಕತ್ತಾರ! ಮೂರ ಮಂದಿ!" ಎಂದು ಆಕೆ ಹಿತ್ತಲಿನವರೆಗೂ ಕೇಳುವಂತೆ ಕೂಗಿದಳು. "ಎಂಥಾ ಊರಬೇ ಅದು!"

ಅವರು ಒರೆಸುತ್ತಿಲ್ಲ, ಬಡಗಿಗಳು, ಕಟ್ಟಿಗೆಯ ನೆಲವನ್ನು ಹೆರೆಯುತ್ತಿದ್ದಾರೆ ಎಂಬುದು ನಾಲ್ಕು ವರ್ಷದ ಮೇಲೆ ಫ್ರೆಂಚ್ ಅಕ್ಷರ ಕೂಡಿಸಿ ಓದಲು ಬಂದಾಗ ಫರ್ಹತಳಿಗೆ ತಿಳಿಯಿತು. ತಾಯಿಗೆ ಹೇಳಲಿಲ್ಲ. ಅಷ್ಟು ಹೊತ್ತಿಗೆ ಆ ಚಿತ್ರ ಇಡೀ ಹಿತ್ತಲ ಸಾಲಿನ ಹೆಂಗಸರೆಲ್ಲ ಬಂದು ನೋಡಿಕೊಂಡು ಹೋದ ಚಿತ್ರವಾಗಿತ್ತು.

ಓದಲು ಬಂದದ್ದು ಮೊದಲು ಫೋನಿನಿಂದ. ಆಮೇಲೆ ಹುಬ್ಬಳ್ಳಿಯ ಶೀಲಾ ಮೇಡಮ್ಮರಿಂದ. ಮೇಡಂ ಹಂಸಭಾವಿಯವರು. ಮೂವತ್ತು ವರ್ಷ ಪಾಂಡಿಚೇರಿಯಲ್ಲಿ ಫ್ರೆಂಚ್ ಕಲಿಸಿ, ನಿವೃತ್ತರಾಗಿ ಹುಬ್ಬಳ್ಳಿಯಲ್ಲಿ ಮನೆ ಮಾಡಿ, ಪ್ರತಿ ಭಾನುವಾರ ಎಂಟೇ ಎಂಟು ಜನರಿಗೆ ಪಾಠ ಹೇಳುತ್ತಿದ್ದರು. ಫ್ರೆಂಚ್ ಎಷ್ಟು ನಯವೋ ಅವರ ಕನ್ನಡ ಅಷ್ಟೇ ಗಡಸು. "ಎರಡ ಐತವಾರ ತಪ್ಪಿಸಿದ್ರ ಹೆಸರ ಹೊಡದ ಹಾಕ್ತೇನಿ. ನಿಮ್ಮ ಜಾಗಾಕ್ಕ ಮತ್ತ ಹತ್ತ ಮಂದಿ ಕಾಯಾಕತ್ತಾರ" ಎಂದು ಮೊದಲ ದಿನವೇ ಹೇಳಿದ್ದರು. ಫರ್ಹತ ಒಂದು ಭಾನುವಾರ ಆಗಲೇ ತಪ್ಪಿಸಿದ್ದಳು, ದಾದಿಗೆ ಜ್ವರ ಬಂದಾಗ. ಇನ್ನೊಂದು ತಪ್ಪಿದರೆ ಹೆಸರು ಹೋದಂತೆಯೇ.

ದಾದಿ ಅಂದರೆ ಅವಳ ತಂದೆ ಬಂದೇಸಾಬನ ತಾಯಿ. ಎರಡು ವರ್ಷದ ಹಿಂದೆ ಹಿತ್ತಲ ಬಚ್ಚಲಿನ ಪಾಚಿಗಲ್ಲಿನ ಮೇಲೆ ಜಾರಿ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದಳು. ಗಟ್ಟಿ ಮೈಯ ಮುದುಕಿ. ಮುಂಜಾನೆ ಆರಕ್ಕೆ ಒಮ್ಮೆ, ಮಧ್ಯಾಹ್ನ ಒಮ್ಮೆ, ಸಂಜೆ ಒಮ್ಮೆ ಆಕೆಯನ್ನು ಎತ್ತಿ, ಸ್ವಚ್ಛ ಮಾಡಿ, ಹಾಸಿಗೆ ಬದಲಿಸಿ, ಮಗ್ಗಲು ತಿರುಗಿಸಿ ಮಲಗಿಸಬೇಕು. ಒಬ್ಬರಿಂದ ಆಗುವ ಕೆಲಸವಲ್ಲ. ಫರ್ಹತ ಮನೆಯಲ್ಲಿದ್ದಾಗ ತಾಯಿ ಮಗಳು ಎತ್ತುತ್ತಿದ್ದರು. ಇಲ್ಲದಾಗ ಬೆನ್ನುಮನೆಯಿಂದ ಬೀಬಿಜಾನ ಚಾಚಿ, ಅಂದರೆ ಬಂದೇಸಾಬನ ತಮ್ಮನ ಹೆಂಡತಿ, ನಡುಗೋಡೆಯ ಹಿತ್ತಲ ಬಾಗಿಲಿನಿಂದ ಸೆರಗು ಸಿಕ್ಕಿಸಿಕೊಂಡು ಬರುತ್ತಿದ್ದಳು.

ಹೀಗಾಗಿ ಫರ್ಹತಳ ಭಾನುವಾರ ತನ್ನಷ್ಟಕ್ಕೆ ತಾನು ಬರುತ್ತಿರಲಿಲ್ಲ. ಶನಿವಾರದಿಂದಲೇ ಮೂರು ಹೆಂಗಸರು ಅದನ್ನು ಕಟ್ಟಿ ನಿಲ್ಲಿಸುತ್ತಿದ್ದರು. ಚಾಚಿ ಎತ್ತಲು ಬರುವಳು. ನಾಲ್ಕು ಮನೆ ಆಚೆಯ ಶಿವಬಸವ್ವ ಒಂದು ಕಟ್ಟು ಜೋಳದ ರೊಟ್ಟಿ ಹೆಚ್ಚಿಗೆ ಬಡಿದು ಬಟ್ಟೆಯಲ್ಲಿ ಸುತ್ತಿ ಕಳಿಸುವಳು. ಬಂದೇಸಾಬನದು ವೀಳ್ಯದೆಲೆಯ ವ್ಯಾಪಾರ. ನಸುಕಿನಲ್ಲಿ ತೋಟದಿಂದ ಎಲೆಯ ಬುಟ್ಟಿಗಳನ್ನು ತಂದು ಅಂಗಳದಲ್ಲಿ ಇಳಿಸಿ ಪೇಟೆಗೆ ಹೋದರೆ, ಮೂರು ಗಂಟೆಗೆ ಬಂದು ಕಟ್ಟುಗಳನ್ನು ಒಯ್ಯುತ್ತಿದ್ದ. ನಡುವೆ ಎಳೆಯದು, ಬಲಿತದ್ದು, ತೂತು ಬಿದ್ದದ್ದು ಎಂದು ಆರಿಸಿ, ತೊಟ್ಟು ಒಂದೇ ಕಡೆ ಬರುವಂತೆ ಜೋಡಿಸಿ, ಬಾಳೆನಾರಿನಿಂದ ಬಿಗಿದು, ಹಸಿ ಗೋಣಿಯಲ್ಲಿ ಮುಚ್ಚುವವರು ಯಾರು ಎಂದು ಅವನು ಕೇಳಿರಲಿಲ್ಲ. ಬಂದೇಸಾಬನ ಎಲೆ ಬಾಡುವುದಿಲ್ಲ, ಅವನ ಕೈಗುಣ ಹಂಗ ಐತಿ ಎಂದು ಪೇಟೆಯಲ್ಲಿ ಹೆಸರಿತ್ತು.

ಶೀಲಾ ಮೇಡಂ ಬರುವ ಒಂದು ಭಾನುವಾರಕ್ಕೆ ಮೊದಲ ಹಂತದ ಪರೀಕ್ಷೆ ಇಟ್ಟಿದ್ದರು. ಪ್ರತಿಯೊಬ್ಬರೂ ಪ್ಯಾರಿಸ್ಸಿನ ಒಂದು ಜಾಗದ ಬಗ್ಗೆ ಹತ್ತು ನಿಮಿಷ ಫ್ರೆಂಚಿನಲ್ಲಿ ಮಾತಾಡಬೇಕು. ಪಾಸಾದವರಿಗಷ್ಟೇ ಮುಂದಿನ ತರಗತಿ. ಫರ್ಹತ ಆರಿಸಿಕೊಂಡದ್ದು ಪಸಾಜುಗಳನ್ನು. ಮನೆಗಳ ಹೊಟ್ಟೆಯೊಳಗಿನಿಂದ ಹಾದು ಒಂದು ಬೀದಿಯಿಂದ ಇನ್ನೊಂದು ಬೀದಿಗೆ ಹೊರಡುವ, ಮೇಲೆ ಗಾಜಿನ ಮಾಡಿರುವ ಸಂದಿಗಳು. ಇನ್ನೂರು ವರ್ಷದ ಹಿಂದೆ, ಪ್ಯಾರಿಸ್ಸಿನ ಬೀದಿ ತುಂಬ ಕೆಸರು ಮತ್ತು ಕುದುರೆಗಾಡಿ ಇದ್ದಾಗ, ಜನ ಮಳೆ ತಾಗದೆ ನಡೆಯಲಿ ಎಂದು ಕಟ್ಟಿದವು. ಒಂದು ಕಾಲಕ್ಕೆ ನೂರೈವತ್ತರ ಹತ್ತಿರ ಇದ್ದವು. ಅಗಲ ರಸ್ತೆಗಳು ಬಂದ ಮೇಲೆ ಎಷ್ಟನ್ನೋ ಕೆಡವಿದರು. ಈಗ ಉಳಿದದ್ದು ಇಪ್ಪತ್ತು ಚಿಲ್ಲರೆ.

ಅಭ್ಯಾಸಕ್ಕೆಂದು ಒಮ್ಮೆ ಒಪ್ಪಿಸಿದಾಗ ಮೇಡಂ ಕೇಳಿದ್ದರು, "ಚೊಲೊ ಆತು. ಆದ್ರ ಎಲ್ಲಾ ಫೋನಿನಾಗಿನ ಮಾತು. ನಿಮ್ಮೂರಾಗ ಇಂಥಾದ್ದೇನರ ಐತೇನು?"

"ಇಲ್ರಿ ಮೇಡಂ," ಎಂದಿದ್ದಳು ಫರ್ಹತ ತಡಮಾಡದೆ. "ನಮ್ಮೂರಾಗ ಏನೂ ಇಲ್ರಿ."

ಪರೀಕ್ಷೆಗೆ ಹದಿನೈದು ದಿನ ಇರುವಾಗ ಬಂದೇಸಾಬ ಬಚ್ಚಲಮನೆ ಕಟ್ಟಿಸುವ ಮಾತೆತ್ತಿದ. ಒಳ್ಳೆಯ ಮನಸ್ಸಿನಿಂದಲೇ ಎತ್ತಿದ. ತಾಯಿ ಬಿದ್ದ ಪಾಚಿಗಲ್ಲು ಅವನಿಗೆ ದಿನಾಲೂ ಕಣ್ಣಿಗೆ ಬೀಳುತ್ತಿತ್ತು.

"ನಿಮ್ಮ ಸಲುವಾಗಿನ ಕಟ್ಟಸಾಕತ್ತೇನಿ," ಎಂದ ಜನ್ನತಬಿಗೆ. "ಟೈಲ್ಸ್ ಹಾಕಸೂಣು, ಬಿಸಿನೀರಿನ ನಳಾ ಕೂಡಸೂಣು. ಅಮ್ಮಾಗ ಆದಂಗ ನಿಮಗ ಆಗಬಾರದು."

ಗೌಂಡಿ ಗುದ್ಲೆಪ್ಪ ಬಂದು ಮನೆ ಸುತ್ತಿ ನೋಡಿ, "ಸಾಬ್ರ, ಮುಂದ ಗಾಡಿ ಶೆಡ್ಡಿನಾಗ ಕಟ್ಟೂಣೇನ್ರಿ? ಗಟಾರ ಬಾಜೂಕ ಐತಿ, ಪೈಪ ಕಡಿಮಿ ಹಿಡೀತೈತಿ" ಎಂದ. ಬಂದೇಸಾಬನ ಮೋಟಾರ್ ಸೈಕಲ್ಲಿಗೆಂದು ಪಡಸಾಲೆಯ ಪಕ್ಕ ತಗಡಿನ ಶೆಡ್ಡಿತ್ತು.

"ಗಾಡಿ ಎಲ್ಲಿ ನಿಲ್ಲಸ್ಲೋ ಮಾರಾಯಾ, ನಿನ್ನ ತಲಿ ಮ್ಯಾಲ? ಹಿಂದ ಹಿತ್ತಲ ಮೂಲ್ಯಾಗ ಹೊಡಿ."

ನಕ್ಷೆ ಹಾಕುವ ಕೆಲಸ ಫರ್ಹತಳ ಪಾಲಿಗೆ ಬಂತು. ಮನೆಯಲ್ಲಿ ಚಿತ್ರ ಬರೆಯುವವಳು ಅವಳೊಬ್ಬಳೇ. ಅವಳಿಗೂ ಖುಷಿ. ಪ್ಯಾರಿಸ್ಸಿನ ಹಳೆಯ ನಕ್ಷೆಗಳನ್ನು ನೋಡಿ ನೋಡಿ ಕೈ ಪಳಗಿತ್ತು. ಟೇಪು ಹಿಡಿದು ಹಿತ್ತಲ ಗೋಡೆ ಅಳೆದಳು. ಆ ಹೊತ್ತಿಗೆ ಬೀಬಿಜಾನ ಚಾಚಿ ಹೆಪ್ಪಿಗೆ ಮೊಸರು ಒಯ್ಯಲು ಬಂದಿದ್ದಳು.

"ಚಾಚಿ, ಆ ತುದಿ ಸ್ವಲ್ಪ ಹಿಡೀರಿ."

ಚಾಚಿ ಮೊಸರಿನ ಬಟ್ಟಲನ್ನು ಕಂಕುಳಿಗೆ ಒತ್ತಿಕೊಂಡು, ಹಿತ್ತಲ ಬಾಗಿಲಿನ ಹೊಸ್ತಿಲ ಮೇಲೆ ನಿಂತು ಟೇಪಿನ ತುದಿ ಹಿಡಿದಳು. ಎಂಟಡಿ, ಆರಡಿ. ಫರ್ಹತ ಕಾಗದದ ಮೇಲೆ ಗೆರೆ ಎಳೆದಳು. ನೀಟಾದ ನಕ್ಷೆ, ನಳ ಎಲ್ಲಿ, ಕಿಟಕಿ ಎಲ್ಲಿ, ಮೋರಿ ಎಲ್ಲಿ, ಎಲ್ಲ ಇತ್ತು. ಬಂದೇಸಾಬ ಅದನ್ನು ಪೇಟೆಯಲ್ಲಿ ನಾಲ್ಕು ಮಂದಿಗೆ ತೋರಿಸಿ ಬಂದ. ಜನ್ನತಬಿಗೆ ಮಾತ್ರ ತೋರಿಸಿರಲಿಲ್ಲ. ನಳ ಎಷ್ಟು ಎತ್ತರಕ್ಕಿರಲಿ ಎಂದಷ್ಟೇ ಆಕೆಯನ್ನು ಕೇಳಿದ್ದರು.

ಪರೀಕ್ಷೆಯ ಹಿಂದಿನ ಗುರುವಾರ ಗುದ್ಲೆಪ್ಪ ನಕ್ಷೆ ನೋಡಿಕೊಂಡು ಹಿತ್ತಲಲ್ಲಿ ಗೂಟ ಬಡಿದು ದಾರ ಕಟ್ಟಿ ಹೋದ. ಮಧ್ಯಾಹ್ನ ದಾದಿಯನ್ನು ಎತ್ತಲು ಬಂದ ಚಾಚಿಯ ಕಾಲು ಆ ದಾರಕ್ಕೆ ಸಿಕ್ಕಿತು. ಬೀಳಲಿಲ್ಲ, ಬಾಗಿಲಚೌಕಟ್ಟು ಹಿಡಿದು ನಿಂತಳು.

"ಇದೇನಬೇ, ಬಾಗಲದಾಗ ದಾರಾ?"

"ಬಚ್ಚಲಮನಿದು, ಚಾಚಿ. ಅದರ ಗ್ವಾಡಿ ಇಲ್ಲಿ ಬರತೈತಿ."

ಚಾಚಿ ದಾರವನ್ನು ನೋಡಿದಳು. ಬಾಗಿಲನ್ನು ನೋಡಿದಳು. "ಗ್ವಾಡಿ ಇಲ್ಲಿ ಬಂದ್ರ ನಾ ಎಲ್ಲಿಂದ ಬರ್ಲಿ?"

ಫರ್ಹತ ಒಳಗೆ ಓಡಿಹೋಗಿ ನಕ್ಷೆ ತಂದಳು. ಹಿತ್ತಲ ಗೋಡೆ ಇದ್ದಲ್ಲಿ ಒಂದು ನೆಟ್ಟಗಿನ ಗೆರೆ ಇತ್ತು. ಬಾಗಿಲು ಇರಲೇ ಇಲ್ಲ. ಹುಟ್ಟಿದಾಗಿನಿಂದ ತೆರೆದೇ ಇದ್ದ ಬಾಗಿಲು, ಅದರಲ್ಲಿ ಚಾಚಿಯನ್ನೇ ನಿಲ್ಲಿಸಿ, ಅವಳ ಕೈಗೇ ಟೇಪು ಕೊಟ್ಟು, ಅವಳ ಹಾದಿಗೆ ಅಡ್ಡ ಗೋಡೆ ಬರೆದಿದ್ದಳು. ಇಪ್ಪತ್ತು ಪಸಾಜುಗಳ ಹೆಸರು ಬಾಯಿಪಾಠ ಇದ್ದ ಹುಡುಗಿ.

ಸಂಜೆ ಜನ್ನತಬಿ ಗಂಡನ ಮುಂದೆ ಮಾತೆತ್ತಿದಳು. ಬಂದೇಸಾಬ ಚಹ ಆರಿಸಿಕೊಳ್ಳುತ್ತಿದ್ದ.

"ಮುಂಚೀ ಬಾಗಲಾ ಐತೆಲ್ಲ. ಬರೂದಿದ್ರ ಅಲ್ಲಿಂದ ಬರ್ಲಿ ಬೀಬಿಜಾನ."

"ಆಕಿ ಮನೀ ಮುಂಚೀ ಬಾಗಲಾ ಆ ಕಡೆ ಓಣಿಗೆ ಐತ್ರಿ. ಬುರಕಾ ಹಾಕ್ಕೊಂಡು, ನಿಮ್ಮ ತಮ್ಮನ್ನ ಕೇಳಿ, ಮಸೂತಿ ಸುತ್ತಿ, ಎಲಿ ಪ್ಯಾಟಿ ದಾಟಿ ಬರಬೇಕು. ದಿನಕ್ಕ ಎಷ್ಟ ಸಲಾ ಬರ್ತಾಳ ಹಂಗ?"

"ಎಷ್ಟ ಸಲಾ ಬರೂದೈತಿ ಹಂತಾದ್ದು? ಒಮ್ಮೆ, ಎರಡ ಸಲಾ?"

ಜನ್ನತಬಿಯೂ ಎಣಿಸಿರಲಿಲ್ಲ. ಎಷ್ಟು ಸಲ ಉಸಿರಾಡಿದೆ ಎಂದು ಯಾರು ಎಣಿಸುತ್ತಾರೆ?

ಶುಕ್ರವಾರ ಫರ್ಹತಳಿಗೆ ಓದುವ ರಜೆ. ಹಿತ್ತಲ ಮೆಟ್ಟಿಲ ಮೇಲೆ ಕುಳಿತು ಫ್ರೆಂಚ್ ಪಾಠ ಮಾಡಿಕೊಳ್ಳುತ್ತ, ಬಾಗಿಲು ದಾಟಿದವರಿಗೆಲ್ಲ ಕಲ್ಲಿನ ಮೇಲೆ ಸೀಮೆಸುಣ್ಣದಿಂದ ಒಂದೊಂದು ಗೀಟು ಹಾಕಿದಳು. ಚಾಚಿ ದಾದಿಯನ್ನು ಎತ್ತಲು ಬಂದಳು, ಹೋದಳು. ಒಂದು ಬುಟ್ಟಿ ಎಲೆ ಹಸಿ ಗೋಣಿ ಹೊದ್ದು ಆಚೆಯ ಮನೆಗಳಿಗೆ ಆರಿಸಿ ಕಟ್ಟಲು ಹೋಯಿತು, ಅದರ ಹಿಂದೆಯೇ ಇನ್ನೊಂದು. ಶಿವಬಸವ್ವ ರೊಟ್ಟಿ ಹೊತ್ತು ಬಂದಳು. ಯಾರದೋ ಮನೆಯ ಕೂಸು ನಿದ್ದೆಯಲ್ಲೇ ಒಂದು ಹೆಗಲಿನಿಂದ ಇನ್ನೊಂದು ಹೆಗಲಿಗೆ ದಾಟಿ ಬಂತು, ಎಚ್ಚರಾದ ಮೇಲೆ ಅಳುತ್ತ ಮರಳಿತು. ಕುಕ್ಕರಿನ ರಬ್ಬರ್ ರಿಂಗು, ಬಿ.ಪಿ. ಗುಳಿಗೆ, ಹೊಲಿಯಲು ಕೊಟ್ಟ ರವಿಕೆ, ಅತ್ತೆಯ ಮೇಲಿನ ಸಿಟ್ಟು, ಆ ಸಿಟ್ಟಿಗೆ ಸಮಾಧಾನ. ಕಟ್ಟಿದ ಎಲೆ ಮರಳಿ ಬಂತು. ನಡುಹಗಲ ಜುಮ್ಮಾ ನಮಾಜಿನ ಹೊತ್ತಿಗೆ ಕಲ್ಲಿನ ಮೇಲೆ ನಲವತ್ಮೂರು ಗೀಟು.

ಮಧ್ಯಾಹ್ನ ತಾಯಿಯ ಕೈ ಹಿಡಿದು, "ಅಮ್ಮಾ, ಈ ಹಾದಿ ಎಲ್ಲೀತನಾ ಹೋಗತೈತಿ? ತೋರ್ಸು" ಎಂದಳು.

"ಗೊತ್ತಿಲ್ಲೇನು ನಿನಗ?"

"ಚಾಚಿ ಮನೀತನಾ ಗೊತ್ತು. ಆಮ್ಯಾಲ ನಾ ಯಾವಾಗ್ಲೂ ಮುಂಚೀ ಓಣಿಲೇ ಕಾಲೇಜಿಗೆ ಹೋಗ್ತೇನಿ."

ಇಬ್ಬರೂ ಹೊರಟರು. ಚಾಚಿಯ ಹಿತ್ತಲು, ಅಲ್ಲಿಂದ ಒಣಗಿದ ಬಾವಿಯ ಪಕ್ಕ ಎರಡನೆಯ ಬಾಗಿಲು, ಮೇಕೆ ಕಟ್ಟಿದ ಅಂಗಳ, ಮೂರನೆಯದು. ಬಗ್ಗಿ ದಾಟಬೇಕಾದ ನಾಲ್ಕನೆಯದು ಶಿವಬಸವ್ವನ ದನದ ಕೊಟ್ಟಿಗೆಗೆ ತೆರೆಯಿತು. ಶಿವಬಸವ್ವ ಕುಳ್ಳು ತಟ್ಟುತ್ತಿದ್ದವಳು ತಲೆ ಎತ್ತಿ, "ಏನ ಜನ್ನತವ್ವಾ, ಇವತ್ತ ಮಗಳ್ನ ಮೆರವಣಿಗಿ ತಗದೀ?" ಎಂದಳು. ಐದು, ಆರು, ಏಳು. ಏಳನೆಯ ಬಾಗಿಲು ಸರಕಾರಿ ದವಾಖಾನೆಯ ಬೆನ್ನಿಗೆ ಹೊರಟಿತು. ಎಲ್ಲೂ ಯಾರೂ ಯಾಕೆ ಬಂದಿರಿ ಎಂದು ಕೇಳಲಿಲ್ಲ. ತಲೆಯ ಮೇಲೆ ಗಾಜಿರಲಿಲ್ಲ. ನುಗ್ಗೆ, ಪೇರಲ, ಒಣಹಾಕಿದ ಸೀರೆಗಳಿದ್ದವು. ಬಿಸಿಲು ಮಾತ್ರ ಎಲ್ಲಿಯೂ ನೆತ್ತಿಗೆ ತಾಗಲಿಲ್ಲ.

"ಮೊದಲ ಇದೆಲ್ಲಾ ಒಂದ ದೊಡ್ಡ ವಾಡೇ ಇತ್ತಂತ," ಎಂದಳು ಜನ್ನತಬಿ ದವಾಖಾನೆಯ ಗೋಡೆಗೆ ಒರಗಿ. "ಗಂಡಸ್ರು ಮುಂದ ಮುಂದ ಗ್ವಾಡಿ ಹಾಕ್ಕೊಂಡು ಪಾಲಾದ್ರು. ಹಿಂದಿನ ಬಾಗಲಾ ಯಾರ ನೆನಪಿಗೂ ಬರ್ಲಿಲ್ಲ, ಉಳದ್ವು. ನೀ ಹುಟ್ಟೂ ದಿನಾ ಮಳಿ ಹೊಯ್ಯಾಕತ್ತಿತ್ತು. ನಿಮ್ಮಬ್ಬಾ ಗಾಡಿ ತರಾಕ ಹೋದಾಂವ ಬರಲೇ ಇಲ್ಲ. ಬೀಬಿಜಾನ ಒಂದ ಕಡೆ, ಶಿವಬಸವ್ವ ಒಂದ ಕಡೆ ಹಿಡಕೊಂಡು ಈ ಏಳೂ ಬಾಗಲಾ ದಾಟಸಿದ್ರು. ಇನ್ನ ಎಂಟನೇದ್ದ ಇದ್ದಿದ್ರ ಹಾದ್ಯಾಗ ಹುಟ್ಟತಿದ್ದಿ."

ಫರ್ಹತಳಿಗೆ ಮೇಡಮ್ಮರಿಗೆ ಕೊಟ್ಟ ಉತ್ತರ ನೆನಪಾಗಿ ಕಿವಿ ಬಿಸಿಯಾಯಿತು. ಪ್ಯಾರಿಸ್ಸಿನಲ್ಲಿ ಇಂಥ ಪ್ರತಿಯೊಂದಕ್ಕೂ ಹೆಸರಿದೆ, ಬಾಗಿಲ ಮೇಲೆ ಬರೆದಿರುತ್ತಾರೆ ಎಂದು ತಾಯಿಗೆ ಹೇಳಿದಳು. ಇದಕ್ಕೇನು ಹೆಸರಿಡೋಣ?

"ಏನೂ ಬ್ಯಾಡ. ಹೆಸರಿಟ್ರ ಗಂಡಸ್ರಿಗೆ ಗೊತ್ತಾಗತೈತಿ."

ಸಂಜೆಯೊಳಗೆ ಫರ್ಹತ ಹಾದಿಯ ನಕ್ಷೆ ಬರೆದಳು. ಏಳು ಬಾಗಿಲು, ಬಾವಿ, ಕೊಟ್ಟಿಗೆ, ದವಾಖಾನೆ. ಮೂಲೆಯಲ್ಲಿ ನಲವತ್ಮೂರು ಗೀಟು. ತಾಯಿಯ ಮಾತಿನಂತೆ ಹೆಸರು ಮಾತ್ರ ಬರೆಯಲಿಲ್ಲ. ತಂದೆಯ ಮುಂದೆ ಹಿಡಿದಳು. ಬಂದೇಸಾಬ ಕನ್ನಡಕ ಏರಿಸಿ ನೋಡಿದ, ಮುಖ ಗಂಟಿಕ್ಕಿತು.

"ಹೆಂಗಸ್ರು ಅಡ್ಡಾಡೂ ಜಾಗಾ. ಇದನ್ಯಾಕ ಬರದೀ? ಮಂದಿಗೆ ತೋರ್ಸಾಕೇನು?"

"ಮಂದಿಗಲ್ಲ ಅಬ್ಬಾ, ನಿಮಗ. ಒಪ್ಪತ್ತಿನಾಗ ನಲವತ್ಮೂರ ಸಲಾ ದಾಟ್ಯಾರ. ಚಾಚಿ ಬರಲಿಲ್ಲಂದ್ರ ದಾದೀನ್ನ ಯಾರ ಎತ್ತತಾರ? ನಾ ಐತವಾರ ಹೆಂಗ ಹೋಗ್ಲಿ?"

"ಅಡ್ಡಾಡೂದು ಬ್ಯಾರೆ, ಕೆಲಸಾ ಬ್ಯಾರೆ. ನಲವತ್ತ ಸಲಾ ಅಡ್ಡಾಡೂ ಮಂದಿಗೆ ಕೆಲಸಾ ಮಾಡಾಕ ಹೊತ್ತರ ಎಲ್ಲೈತಿ?" ಎಂದು ನಕ್ಕ. ಆಮೇಲೆ ಕಪಾಟಿನಿಂದ ಹಳೆಯ ನಕ್ಷೆ ತೆಗೆದು ಅವಳ ಮುಂದೆ ಹಿಡಿದ. "ಇದನ್ನ ಹಾಕಿದಾಕಿ ಯಾರು? ನೀನ ಹೌದಲ್ಲ? ಇದರಾಗ ಎಲ್ಲೈತಿ ಬಾಗಲಾ? ಉಸುಕು ಇಳದೈತಿ, ಇಟ್ಟಂಗಿ ಬಂದಾವ. ನಾಳೆ ಪಾಯಾ ತಗೀತಾರ."

ಫರ್ಹತ ತನ್ನ ಕಾಗದವನ್ನು ಹಿಂದಕ್ಕೆ ತೆಗೆದುಕೊಂಡಳು. ಗೆರೆ ಅವಳ ಕೈಯದೇ.

ಶನಿವಾರ ಗುದ್ಲೆಪ್ಪ ಬಾಗಿಲಿಗೆ ಅಡ್ಡಲಾಗಿ ಮೊಣಕಾಲಾಳದ ಪಾಯ ತೋಡಿದ. ಇಟ್ಟಂಗಿಗಳನ್ನು ಬಾಗಿಲಿಗೇ ಒತ್ತಿ ಎದೆಯೆತ್ತರ ಒಟ್ಟಿದ. ಆ ಕಡೆಯಿಂದ ಚಾಚಿ ಒಮ್ಮೆ ಬಾಗಿಲು ದೂಡಿದ್ದು ಕೇಳಿತು. ಇಟ್ಟಂಗಿ ಕರಕರ ಅಂದವು, ಅಲುಗಲಿಲ್ಲ.

ಭಾನುವಾರ ಮುಂಜಾನೆ ಐದೂ ಮುಕ್ಕಾಲಿಗೆ ಫರ್ಹತ ಬುರ್ಖಾ ತೊಟ್ಟು ಚೀಲ ಹೆಗಲಿಗೇರಿಸಿದ್ದಳು. ಹುಬ್ಬಳ್ಳಿ ಬಸ್ಸು ಆರೂವರೆಗೆ. ದಾದಿ ಕೋಣೆಯಿಂದ ನರಳಿದಳು. ಎತ್ತುವ ಹೊತ್ತು. ಹಿತ್ತಲಲ್ಲಿ ಇಟ್ಟಂಗಿಯ ರಾಶಿ ಮಾತ್ರ ನಿಂತಿತ್ತು.

ಫರ್ಹತ ಚೀಲ ಕೆಳಗಿಟ್ಟಳು. "ಇರ್ಲಿ ಬಿಡು ಅಮ್ಮಾ. ನಡಿ, ಎತ್ತೂಣು. ಮಧ್ಯಾಹ್ನಾನೂ ಇಬ್ಬರ ಬೇಕಲ್ಲ."

ಜನ್ನತಬಿ ಚೀಲವನ್ನು ಎತ್ತಿ ಮಗಳ ಹೆಗಲಿಗೆ ಮತ್ತೆ ಹಾಕಿದಳು. ಎಲೆಯ ಬುಟ್ಟಿ ಇಳಿಸಿ, ಪೇಟೆಗೆ ಹೊರಡಲು ಮೋಟಾರ್ ಸೈಕಲ್ಲಿಗೆ ಕೀಲಿ ಹಾಕುತ್ತಿದ್ದ ಗಂಡನಿಗೆ ಕೇಳುವಂತೆ, ಆದರೆ ಮಗಳ ಮುಖ ನೋಡಿಯೇ ಹೇಳಿದಳು.

"ನೀ ಹೋಗು. ಇಬ್ಬರ ಅದೇವಲ್ಲ. ನಾ ಒಬ್ಬಾಕಿ, ನಿಮ್ಮಬ್ಬಾ ಒಬ್ಬರು."

ಬಂದೇಸಾಬನ ಕೈಯಲ್ಲಿ ಕೀಲಿ ಹಾಗೇ ಉಳಿಯಿತು. "ನಾನ? ಅಮ್ಮಾನ್ನ? ಆ ಕೆಲಸಾ... ಗಂಡಸಾಂವ ನಾ ಹೆಂಗ..."

"ಮುಖಾ ಆ ಕಡೆ ತಿರುಗಿಸ್ಕೊಂಡು ಹೆಗಲಾ ಹಿಡೀರಿ. ಉಳದದ್ದ ನಾ ಮಾಡ್ತೇನಿ. ನಿಮ್ಮನ್ನ ಎತ್ತಿ ಆಡಿಸಿದಾಕಿನ ಅಲ್ರೀ ಆಕಿ?"

ಒಳಗಿನಿಂದ ದಾದಿಯ ದನಿ ಬಂತು. "ಯಾರಾದ್ರೂ ಒಬ್ಬರ ಬರ್ರೋ. ನಿಮ್ಮ ಪಂಚಾಯಿತಿ ಮುಗಿಯೂದರಾಗ ನನ್ನ ಜೀವಾ ಹೋಗತೈತಿ."

ಫರ್ಹತ ಹೊಸ್ತಿಲ ಮೇಲೆ ನಿಂತೇ ಇದ್ದಳು. ಹೋಗಬೇಕೆಂದರೆ ಹೆಜ್ಜೆ ಬಾರದು, ಉಳಿದರೆ ಹೆಸರು ಹೋಗುತ್ತದೆ. ತಂದೆ ಚಪ್ಪಲಿ ಬಿಚ್ಚುವುದನ್ನು ನೋಡಿದಳು. ಅಷ್ಟು ಸಾಕಾಯಿತು. ಓಡಿದಳು.

ಬಸ್ಸು ಶಿಗ್ಗಾವಿ ದಾಟುವವರೆಗೂ ಅವಳ ಮನಸ್ಸು ದಾದಿಯ ಮಂಚದ ಸುತ್ತಲೇ ತಿರುಗಿತು. ಹುಬ್ಬಳ್ಳಿಯಲ್ಲಿ ಶೀಲಾ ಮೇಡಂ ಅವಳ ಸರತಿ ಕೂಗಿದಾಗ ಎದ್ದು ನಿಂತು, ಪಾಠ ಮಾಡಿಕೊಂಡಿದ್ದ ಮಾತನ್ನೇ ಶುರು ಮಾಡಿದಳು. ಗಾಜಿನ ಮಾಡು, ಕೆಸರು, ಕುದುರೆಗಾಡಿ, ಕೆಡವಿದ ಸಂದಿಗಳು. ಐದು ನಿಮಿಷಕ್ಕೆ ಅದು ಮುಗಿಯಿತು. ಮುಂದಿನದನ್ನು ಪಾಠ ಮಾಡಿರಲಿಲ್ಲ. ಗೊತ್ತಿದ್ದ ಸಣ್ಣ ಸಣ್ಣ ಫ್ರೆಂಚ್ ಮಾತುಗಳಲ್ಲಿ, ತಡವರಿಸುತ್ತ ಹೇಳಿದಳು: ಹೋದ ಸಲ ನಾನು ಸುಳ್ಳು ಹೇಳಿದೆ. ನಮ್ಮ ಊರಲ್ಲಿಯೂ ಒಂದು ಇದೆ. ಏಳು ಬಾಗಿಲು. ಅಲ್ಲಿ ಅಂಗಡಿ ಇಲ್ಲ. ಮೊಸರು, ಎಲೆ, ಕೂಸು ಓಡಾಡುತ್ತವೆ. ನಾನು ಹುಟ್ಟುವ ದಿನ ನನ್ನ ತಾಯಿ ಅಲ್ಲಿ ನಡೆದಳು. ಪ್ಯಾರಿಸ್ಸಿನಲ್ಲಿ ಇವನ್ನು ಯಾರು ಮುಚ್ಚಿದರು ಎಂದು ಪುಸ್ತಕದಲ್ಲಿದೆ. ನಮ್ಮದನ್ನು ಮುಚ್ಚುವ ಗೆರೆ ಎಳೆದವಳು ನಾನು.

ಮೇಡಂ ಪೆನ್ನು ಕೆಳಗಿಟ್ಟು ಕನ್ನಡಕ್ಕೆ ಇಳಿದರು. "ಮುಚ್ಚಿದ್ರೇನು?"

"ಗೊತ್ತಿಲ್ರಿ. ಮುಂಜಾನೆ ಬಿಟ್ಟು ಬಂದೇನಿ."

"ಎರಡನೇ ಅರ್ಧಾ ತಪ್ಪ ಭಾಳ," ಎಂದರು ಮೇಡಂ, ಕಾಗದದ ಮೇಲೆ ಏನೋ ಗೀಚುತ್ತ. "ಆದ್ರ ಅದೊಂದ ನಿಂದು. ಮುಂದಿನ ಐತವಾರ ಎರಡನೇ ತರಗತಿಗೆ ಬಾ. ಬರಾಕ ಆಗೂ ಹಂಗ ಮಾಡ್ಕೊಂಡ ಬಾ."

ನಾಲ್ಕು ಗಂಟೆಗೆ ಅವಳು ಮನೆಗೆ ಬಂದಾಗ ಮೋಟಾರ್ ಸೈಕಲ್ಲು ಶೆಡ್ಡಿನಲ್ಲೇ ಇತ್ತು. ಅಬ್ಬಾ ಪೇಟೆಗೆ ಹೋಗಿರಲಿಲ್ಲ. ಅಂಗಳದಲ್ಲಿ ಎಲೆಯ ಬುಟ್ಟಿಗಳು ನಸುಕಿನಲ್ಲಿ ಇಳಿಸಿದಂತೆಯೇ ಇದ್ದವು. ಒಂದರಲ್ಲಿ ಅರ್ಧ ಆರಿಸಿದ್ದು. ಉಳಿದವುಗಳ ಅಂಚು ಕಪ್ಪಗೆ ಮುದುಡತೊಡಗಿತ್ತು. ಜನ್ನತಬಿ ಕಂಬಕ್ಕೊರಗಿ ಕುಳಿತು ಎಲೆ ಜೋಡಿಸುತ್ತಿದ್ದಳು, ಅವಸರವಿಲ್ಲದೆ.

"ನಾ ಒಬ್ಬಾಕಿ ಎಷ್ಟ ಮಾಡಾಕ ಆಗತೈತೋ ಅಷ್ಟ ಮಾಡೇನಿ," ಎಂದಳು ಕೇಳುವ ಮೊದಲೇ. "ಎಲಿ ಕಟ್ಟೂ ಉಳದ ನಾಕ ಮನೀಗೆ ಬುಟ್ಟಿ ಹೋಗಾಕ ಹಾದಿ ಇ‌ಲ್ಲ."

"ಅಬ್ಬಾ?"

ಜನ್ನತಬಿ ಗದ್ದದಿಂದ ದಾದಿಯ ಕೋಣೆಯತ್ತ ತೋರಿಸಿದಳು. ಫರ್ಹತ ಬಾಗಿಲಲ್ಲಿ ನಿಂತು ನೋಡಿದಳು. ಮಧ್ಯಾಹ್ನ ಎತ್ತುವಾಗ ಕೈ ಜಾರಿ ಬೋಗುಣಿ ಉರುಳಿತ್ತಂತೆ. ಒಮ್ಮೆ ಒರೆಸಿದ್ದಕ್ಕೆ ವಾಸನೆ ಹೋಗಲಿಲ್ಲವೆಂದು ದಾದಿ ಮತ್ತೊಮ್ಮೆ ಒರೆಸಲು ಹೇಳಿದ್ದಳು. ಬಂದೇಸಾಬ ಅಂಗಿ ಬಿಚ್ಚಿ ಬನಿಯನ್ನಿನಲ್ಲಿ, ಲುಂಗಿ ಮೇಲೆ ಕಟ್ಟಿ, ಮೊಣಕಾಲೂರಿ ನೆಲದ ಮೇಲೆ ಬಾಗಿದ್ದ. ಕಿಟಕಿಯಿಂದ ಇಳಿಬಿಸಿಲು ಅವನ ಬೆನ್ನ ಮೇಲೆ ಬಿದ್ದಿತ್ತು.

"ಮಂಚದ ಬುಡಕ ಉಳದೈತಿ ನೋಡೋ," ಎಂದಳು ದಾದಿ ಮೇಲಿನಿಂದ.

"ಹೂಂ ಅಮ್ಮಾ, ಒರಸಾಕತ್ತೇನಿ."

ಜನ್ನತಬಿ ಸದ್ದಿಲ್ಲದೆ ಬಂದು ಮಗಳ ಹಿಂದೆ ನಿಂತಿದ್ದಳು. ಕಿವಿಯಲ್ಲಿ ಪಿಸುಗುಟ್ಟಿದಳು, "ಪುಸ್ತಕದಾಗ ಮೂರ ಮಂದಿ ಇದ್ರು. ಇರ್ಲಿ, ಸದ್ಯಕ್ಕ ಒಬ್ಬರ ಸಾಕು."

ಅವರು ಒರೆಸುತ್ತಿರಲಿಲ್ಲ ಅಮ್ಮಾ, ಹೆರೆಯುತ್ತಿದ್ದರು ಎಂದು ಹೇಳಲು ಫರ್ಹತ ಬಾಯಿ ತೆರೆದಳು. ಮುಚ್ಚಿಕೊಂಡಳು.

ಮರುದಿನ ಮುಂಜಾನೆ ಬಂದೇಸಾಬ ಅವಳನ್ನು ಕರೆದ. ಕಣ್ಣಲ್ಲಿ ಕಣ್ಣಿಟ್ಟು ನೋಡಲಿಲ್ಲ. ಕೈಯಲ್ಲಿ ಟೇಪು ಇತ್ತು. ಮುಂದಿನ ಶೆಡ್ಡಿನಿಂದ ಮೋಟಾರ್ ಸೈಕಲ್ಲನ್ನು ಆಗಲೇ ಓಣಿಗೆ ತಳ್ಳಿ ನಿಲ್ಲಿಸಿದ್ದ, ಮೇಲೆ ಗೊಬ್ಬರದ ಚೀಲ ಹೊದಿಸಿ. ಗುದ್ಲೆಪ್ಪ ಹಿತ್ತಲ ಬಾಗಿಲಿನಿಂದ ಇಟ್ಟಂಗಿ ಎತ್ತುತ್ತ ಗೊಣಗುತ್ತಿದ್ದ, "ಮೊದಲ ಹೇಳಿದ್ನೆಲ್ರಿ ಸಾಬ್ರ, ಮುಂದ ಗಟಾರ ಬಾಜೂಕ ಐತಿ ಅಂತ. ಬಡವನ ಮಾತು ಯಾರ ಕೇಳತಾರ."

"ಶೆಡ್ಡಿನ ಅಳತಿ ತಗೊಂಡು ಹೊಸಾ ನಕ್ಷಾ ಹಾಕು," ಎಂದ ಬಂದೇಸಾಬ ಮಗಳಿಗೆ. ಟೇಪು ಸುತ್ತುತ್ತ, "ಆ ಇನ್ನೊಂದ ಕಾಗದಾ ಎಲ್ಲೈತಿ? ಏಳ ಬಾಗಲದ್ದು. ನಡಿ, ಅದನ್ನೊಮ್ಮೆ ನೋಡೇಬಿಡೂಣು."

ಪಾಯದ ಮೇಲೆ ಹಲಗೆ ಹಾಕಿ ದಾಟಿದರು. ಬಾಗಿಲು ತೆರೆದಿತ್ತು. ಗಂಡಸು ಬಂದದ್ದು ಹೆಂಗಸರಿಗೆ ತಿಳಿಯಲೆಂದು ಬಂದೇಸಾಬ ಅಭ್ಯಾಸದಂತೆ ದೊಡ್ಡದಾಗಿ ಕೆಮ್ಮಿದ. ಆ ಕಡೆ ಬಳೆ ಸದ್ದಾಯಿತು, ಸೆರಗು ಎಳೆದುಕೊಂಡ ಸದ್ದು, ಯಾರೋ ಒಳಗೆ ಓಡಿದ ಸದ್ದು. ಕೆಮ್ಮು ಒಂದೊಂದೇ ಹಿತ್ತಲು ದಾಟಿ ಹೋದಂತೆ ದೂರದಲ್ಲಿ ಇನ್ನೊಂದು ಬಾಗಿಲು ಮುಚ್ಚಿತು. ಹಾದಿ ಕಣ್ಣೆದುರೇ ಖಾಲಿಯಾಯಿತು. ಬಂದೇಸಾಬ ಹೊಸ್ತಿಲ ಮೇಲೆ ನಿಂತುಬಿಟ್ಟ.

"ಮುಂದ?"

"ಮುಂದ ನೀವು ಬರಾಕ ಆಗೂದಿಲ್ಲ, ಅಬ್ಬಾ," ಎಂದಳು ಫರ್ಹತ. ಕಾಗದವನ್ನು ಅವನ ಕೈಗೆ ಕೊಟ್ಟಳು.

ಅವನು ಕನ್ನಡಕ ಏರಿಸಿ, ಬೆರಳಿಟ್ಟು, ತನ್ನ ಮನೆಯಿಂದ ಬಾವಿಗೆ, ಬಾವಿಯಿಂದ ಕೊಟ್ಟಿಗೆಗೆ ನಿಧಾನವಾಗಿ ನಡೆದ. ದವಾಖಾನೆಯ ಬೆನ್ನಿಗೆ ಬಂದಾಗ ಬೆರಳು ನಿಂತಿತು.

"ಇಲ್ಲಿಗೆ ಹೋಗತೈತಿ? ಮಳ್ಯಾಗ ನಾ ಗಾಡಿ ಹುಡಕ್ಕೊಂತ ತಿರಗ್ಯಾಡಿದ್ನೆಲ್ಲ ಅವತ್ತ... ಬಂದು ನೋಡಿದ್ರ ಮನ್ಯಾಗ ಯಾರೂ ಇರಲಿಲ್ಲ." ಕಾಗದವನ್ನು ಮಡಚದೆ ಮಗಳಿಗೆ ಮರಳಿಸಿ ಟೇಪು ಬಿಚ್ಚಿದ. "ಮೊದಲ ಈ ಬಾಗಲದ ಅಳತಿ ತಗೋ. ನಕ್ಷಾದಾಗ ಇದ ಮೊದಲ ಬರಬೇಕು."

ಆದರೆ ಟೇಪಿನ ತುದಿ ಹಿಡಿಯಲು ಅವನು ಆ ಕಡೆ ಹೋಗುವಂತಿರಲಿಲ್ಲ.

"ಭಾಯಿ," ಎಂದಿತು ಗೋಡೆಯಾಚೆಯಿಂದ ಬೀಬಿಜಾನ ಚಾಚಿಯ ದನಿ, ನಗು ತಡೆದುಕೊಂಡದ್ದು. "ಈ ತುದಿ ಈ ಸಲಾನೂ ನಾನ ಹಿಡೀಲೇನು?"

ಬಾಗಿಲಿನ ಮರೆಯಿಂದ ಬಳೆ ತೊಟ್ಟ ಕೈಯೊಂದು ಹೊರಗೆ ಬಂತು. ಬಂದೇಸಾಬ ಟೇಪಿನ ತುದಿಯನ್ನು ಅದಕ್ಕೆ ಕೊಟ್ಟ. ಫರ್ಹತ ಸೀಸದಕಡ್ಡಿ ಚೂಪು ಮಾಡಿದಳು.